ಜಗ್ಗಿದರೆ ನಿಲ್ಲುವ ಫಟಫಟಿ

ಸವಣೂರಿನ ಡಾಕ್ಟರ್ ಗುರುರಾಜರಾಯರ ಫಟಫಟಿಯನ್ನು ನಡೆಸುತ್ತಿದ್ದವರು ನಮ್ಮ ಮನೆಯವರು. ಊರವರ ಬಾಯಲ್ಲಿ ಚೌಡಪ್ಪ. ರಾಯರಿಗೆ ದೂರದ್ದು ಮಸುಕು. ಅವರು ಔಷಧದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಫಟಫಟಿಯ ಮಗ್ಗುಲಿಗೆ ಜೋಡಿಸಿದ್ದ ಒಂಟಿ ಗಾಲಿಯ ತೊಟ್ಟಿಲಲ್ಲಿ ಕೂಡುತ್ತಿದ್ದರು. ಹಾನಗಲ್ಲಿನಿಂದ ಮಾಸೂರಿನವರೆಗೆ ಎಲ್ಲಿ ಹೆರಿಗೆ ಕಷ್ಟವಾದರೂ ಇವರಿಬ್ಬರೇ ಓಡಬೇಕು. ಎರಡನೆಯ ದೊಡ್ಡ ಯುದ್ಧ ಶುರುವಾಗುವ ಹಿಂದಿನ ವರ್ಷದ ಮಾತಿದು.

ಮೊದಲು ನಮ್ಮವರು ಬಾಡಿಗೆ ಚಕ್ಕಡಿ ಹೊಡೆಯುತ್ತಿದ್ದರು. ಗಾಲಿ ಹಾಯ್ದು ಬಲಗಾಲಿನ ಬೆರಳುಗಳು ಹೋಗಿದ್ದವು. ಆದರೂ ಫಟಫಟಿ ಬೇಗ ಕೈಗೆ ಹತ್ತಿತು. ಅದರ ಗೇರಿನ ಹಿಡಿಕೆ ಇದ್ದದ್ದು ಪೆಟ್ರೋಲ್ ಟಾಕಿಯ ಮಗ್ಗುಲಲ್ಲಿ. ಮುಂದೆ ತಳ್ಳಿದರೆ ಗಾಡಿ ಓಡುತ್ತಿತ್ತು, ತನ್ನತ್ತ ಜಗ್ಗಿದರೆ ಸಣ್ಣ ಗೇರಿಗೆ ಇಳಿದು ನಿಧಾನವಾಗುತ್ತಿತ್ತು. ಥೇಟು ಎತ್ತಿನ ಹಗ್ಗದ ಹಾಗೆ. ಬ್ರೇಕು ಹೆಸರಿಗಷ್ಟೇ, ಇಳಿಜಾರಿನಲ್ಲಿ ಈ ಹಿಡಿಕೆಯೇ ಆಧಾರ.

ಒಂದು ದಿನ ಹಿರೇಬೆಂಡಿಗೇರಿಯ ಹಾದಿಯಲ್ಲಿ ಗೇರ್ ಪೆಟ್ಟಿಗೆಯೊಳಗಿನ ಹಲ್ಲುಗಳು ಮುರಿದವು. ಎತ್ತು ಹೂಡಿ ಫಟಫಟಿಯನ್ನು ಮಜೀದನ ಕುಲುಮೆಗೆ ಎಳೆಸಿ ತಂದರು. ಮಜೀದ ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಕಟ್ಟುವವನು. ಡಾಕ್ಟರರ ಗಾಡಿಗೆ ಅವನೇ ಡಾಕ್ಟರು.

"ಹಳೇ ನಮೂನಿ ಪೆಟ್ಟಿಗಿ ಈಗ ಸಿಗೂದಿಲ್ಲಂತ," ಎಂದರು ರಾಯರು. "ಹುಬ್ಬಳ್ಳಿಯೊಳಗ ಇದ ಜಾತಿ ಗಾಡೀದು ಒಂದು ಹೊಸಾದು ಅದ. ಆದ್ರ ಅದಕ್ಕ ಬಲಗಾಲಿಲೆ ಗೇರ್ ಹಾಕಬೇಕು."

ಎಲ್ಲರ ಕಣ್ಣೂ ನಮ್ಮವರ ಪಾದಕ್ಕೆ ಹೋಯಿತು. ಬೆರಳಿಲ್ಲದ ಕಾಲಿನಲ್ಲಿ ಪೆಡಲು ಎತ್ತುವುದು ಆಗದ ಮಾತು. ರಾಯರು ಕೆಟ್ಟವರಲ್ಲ, ಆದರೆ ರೋಗಿಗಳು ಕಾಯುವುದಿಲ್ಲವಲ್ಲ. ಬೇರೆ ಡ್ರೈವರನನ್ನು ನೋಡಬೇಕಾದೀತು ಎಂದರು.

"ಪೆಟ್ಟಿಗಿ ತರಸ್ರಿ ಸಾಹೇಬ್ರ," ಎಂದ ಮಜೀದ. "ಕಾಲಿಂದು ಕೈಗೆ ತರೂದು ನನಗ ಬಿಡ್ರಿ."

ಪೆಟ್ಟಿಗೆ ಬಂತು. ಬೋಲ್ಟಿನ ತೂತುಗಳು ಹೊಂದಿದವು. ಹಲ್ಲುಚಕ್ರ ಮಾತ್ರ ತುಸು ಒಳಗೆ ಸರಿದಿತ್ತು. ಮಜೀದ ಇಂಜಿನ್ನಿನ ಚಕ್ರದಿಂದ ಇದರವರೆಗೆ ಹುರಿ ಹಿಡಿದು ನೋಡಿ, ಚೈನು ನೆಟ್ಟಗೆ ಓಡುವಂತೆ ಸಂದಿಗೆ ತಗಡಿನ ಬಿಲ್ಲೆ ಕೊಟ್ಟ. ಪೆಡಲನ್ನೂ ಅದರ ಸ್ಪ್ರಿಂಗುಗಳನ್ನೂ ಕಿತ್ತು, ಉದ್ದನೆಯ ಸರಳಿನಿಂದ ಪೆಟ್ಟಿಗೆಯನ್ನು ಮೇಲಿನ ಹಿಡಿಕೆಗೆ ಜೋಡಿಸಿದ.

ವೀಳ್ಯದೆಲೆ ತೋಟದ ಇಳಿಜಾರಿನಲ್ಲಿ ಪರೀಕ್ಷೆ. ನಮ್ಮವರು "ಹೋ! ಹೋ!" ಎನ್ನುತ್ತ ಹಿಡಿಕೆ ಜಗ್ಗಿದರು. ಫಟಫಟಿ ನಿಧಾನವಾಗುವುದಿರಲಿ, ಇನ್ನೂ ಜೋರಾಗಿ ಓಡಿ ಬೇಲಿಗೆ ನುಗ್ಗಿತು. ಹೊಸ ಪೆಟ್ಟಿಗೆಯದು ತಿರುವುಮುರುವು: ಜಗ್ಗಿದರೆ ದೊಡ್ಡ ಗೇರು.

ತೋಟದೊಡತಿ ಮರಿಯಮಬಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಚೌಡಪ್ಪಣ್ಣ, ಎಲಿ ಬೇಕಿದ್ರ ಕೇಳಬಾರದಾ? ಮನಿಗೇ ಕಳಸ್ತಿದ್ನಲ್ಲೋ!"

"ಅಣ್ಣಾ, ಇದೇನ್ ಎತ್ತಾ, ಹೋ ಅಂದ್ರ ನಿಲ್ಲಾಕ?" ಎಂದ ಮಜೀದ.

"ತಲಿಗೆ ತಿಳೀತೈತೋ ಮಜೀದ. ಕೈಗೆ ತಿಳಿವಲ್ದು."

ಎಷ್ಟು ಸಲ ಇಳಿದರೂ ಅಷ್ಟೇ. ಇಳಿಜಾರು ಬಂದರೆ ಕೈ ತಾನಾಗಿ ಜಗ್ಗುತ್ತಿತ್ತು.

"ಮಾಸೂರ ಕೆರಿ ಏರಿ ಮ್ಯಾಲ ಹಿಂಗಾದ್ರ ಇಬ್ರೂ ನೀರಾಗ," ಎಂದರು ರಾಯರು. "ಸಂಜೀತನಕಾ ನೋಡ್ತೇನಿ ಚೌಡಪ್ಪ. ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ."

ನಾನು ಬುತ್ತಿ ತಂದಿದ್ದೆ. ನಮ್ಮವರು ರೊಟ್ಟಿ ಮುರಿಯಲಿಲ್ಲ. ಅವರ ಮುಖ ನೋಡಲಾರದೆ ತೋಟದ ಬಾವಿಯಿಂದ ನೀರೆತ್ತುವ ಏತದ ಕಡೆ ತಿರುಗಿದೆ. ಆಳು ಮರದ ದಿಮ್ಮಿಯ ಮೇಲೆ ಈಚೆ ನಡೆದರೆ ಆಚೆ ತುದಿಯ ನೀರಿನ ಚೀಲ ಏರುತ್ತಿತ್ತು, ಆಚೆ ನಡೆದರೆ ಇಳಿಯುತ್ತಿತ್ತು. ಬಹಳ ಹೊತ್ತು ನೋಡಿದೆ.

"ಮಜೀದ, ನಿನ್ನ ಹಿಡಿಕಿ ತಿರುಗೂ ಗೂಟ ಎಲ್ಲೈತಿ?"

"ತಳದಾಗೈತಕ್ಕ. ಅದರ ಮ್ಯಾಲ ಸರಳು."

"ಏತಕ್ಕ ನಡುವ ಐತಿ ನೋಡು. ಅದಕ್ಕ ಈ ತುದಿ ಇಳಿದ್ರ ಆ ತುದಿ ಏರತೈತಿ. ಹಿಡಿಕಿಗೂ ನಡುವ ಗೂಟ ಕೊಟ್ಟು, ಸರಳು ಕೆಳಗ ಸಿಗಸಿದ್ರ? ಕೈ ಹಿಂದ ಬಂದ್ರ ಸರಳು ಮುಂದ ಹೋಗೂದಿಲ್ಲೇನು?"

ಮಜೀದ ಏತ ನೋಡಿದ, ಹಿಡಿಕೆ ನೋಡಿದ, ಹಣೆ ಬಡಿದುಕೊಂಡ. "ಅಕ್ಕಾ, ನಾಳಿಂದ ಕುಲುಮಿಗೆ ನೀನ ಬಾ. ನಾ ರೊಟ್ಟಿ ಬಡೀತೇನಿ!"

ಹಿಡಿಕೆಯ ತಳಕ್ಕೆ ಉದ್ದನೆಯ ಬಾಲ ಬೆಸೆದು, ಸರಳನ್ನು ಅದರ ತುದಿಗೆ ಸಿಗಿಸಿದ. ನಡುವಿನ ಗೂಟಕ್ಕೆ ನಮ್ಮವರು ಮನೆಯಿಂದ ಹಳೆಯ ಚಕ್ಕಡಿಯ ಗಾಲಿ ಕಳಚದಂತೆ ಅಚ್ಚಿಗೆ ಹಾಕುತ್ತಿದ್ದ ಕಡಾಣಿಯನ್ನು ತಂದು ಕೊಟ್ಟರು.

ಹೊತ್ತು ಇಳಿಯುವ ಮುಂಚೆ ಮತ್ತೆ ಪರೀಕ್ಷೆ. ತೊಟ್ಟಿಲಲ್ಲಿ ಭಾರ ಬೇಕೆಂದ ಮಜೀದ. ರಾಯರು ಹಿಂದೆ ಸರಿದರು. ನಾನು ಹತ್ತಿ ಕುಳಿತೆ.

"ಅಂಜಿಕಿ ಇಲ್ಲೇನು?" ನಮ್ಮವರು ಮೆಲ್ಲಗೆ ಕೇಳಿದರು.

"ಚಕ್ಕಡ್ಯಾಗ ಅಂಜಿದ್ನೇನು?"

ಇಳಿಜಾರಿನಲ್ಲಿ ಸೆರಗು ಹಾರಿತು. ಹಿಡಿಯಲಿಲ್ಲ. "ಹೋ!" ಎಂದು ಜಗ್ಗಿದರು. ಫಟಫಟಿ ಗುರುಗುಟ್ಟಿ, ತಗ್ಗಿ, ಮರಿಯಮಬಿಯ ಬೇಲಿಗೆ ಕೈಯಳತೆಯಲ್ಲಿ ನಿಂತಿತು. ಅವಳು ಬೇಲಿಯಾಚೆಯಿಂದ ಒಂದು ಹಿಡಿ ಎಲೆ ಚಾಚಿದಳು. "ಈಗ ತಗೋ. ಮರ್ಯಾದಿಲೆ ಬಂದೀ."

ರಾಯರು ಔಷಧದ ಪೆಟ್ಟಿಗೆ ಹಿಡಿದುಕೊಂಡು ದಡದಡ ಇಳಿದು ಬಂದರು. "ಶಾರವ್ವ, ನನ್ನ ಜಾಗಾ ಬಿಡವಾ. ಮಾಸೂರಾಗ ಬಾಣಂತಿ ಕಾಯಾಕತ್ತಾಳ."

ನಾನು ಇಳಿದೆ. ಧೂಳೆಬ್ಬಿಸಿ ಹೊರಟರು. ಮಸೀದಿಯ ತಿರುವಿನಲ್ಲಿ "ಹೋ!" ಎಂದದ್ದು ನಾನು ನಿಂತಲ್ಲಿಯವರೆಗೂ ಕೇಳಿಸಿತು. ಫಟಫಟಿ ಮಾತು ಕೇಳಿತು.