ಒಳಚಿಲಕ

ಆ ಕೋಣೆಯ ಬಾಗಿಲಿನ ಒಳಬದಿಯಲ್ಲಿ, ಚಿಲಕವಿದ್ದ ಜಾಗದಲ್ಲಿ, ಬಹಳ ಕಾಲ ಬರೀ ಸ್ಕ್ರೂ ತೂತುಗಳಿದ್ದವು. ಬಾಗಿಲಿನ ಹಸಿರು ಬಣ್ಣ ಮಾಸಿದ್ದರೂ ಅಷ್ಟು ಜಾಗ ಮಾತ್ರ ಹೊಸದಾಗಿ ಕಾಣುತ್ತಿತ್ತು.

ಮೊದಲ ಹೆರಿಗೆಯಲ್ಲಿ ಮಗುವನ್ನು ಕಳೆದುಕೊಂಡು ತವರಿಗೆ ಬಂದಿದ್ದ ವಾರಿಜಕ್ಕ ಅಲ್ಲಿ ಮಲಗಿರುತ್ತಿದ್ದಳು. ಅಳುತ್ತಿರಲಿಲ್ಲ. ಗೋಡೆಯತ್ತ ತಿರುಗಿರುತ್ತಿದ್ದಳು, ಅಷ್ಟೆ. ತಲೆ ಬಾಚಲು ಎಬ್ಬಿಸಿದರೆ ಕತ್ತು ನಿಲ್ಲುತ್ತಿರಲಿಲ್ಲ. ತಾಯತ, ಹರಕೆ ಎಲ್ಲ ಮುಗಿದ ಮೇಲೆ ಅಮ್ಮ ಡಾಕ್ಟರಮ್ಮನಿಗೆ ತೋರಿಸಲು ಒಪ್ಪಿದಳು. ಖಿನ್ನತೆಗೆ ಮಾತ್ರೆ ಬರೆದುಕೊಟ್ಟ ಅವರು, ಹೊರಡುವಾಗ ನನ್ನನ್ನು ತಡೆದರು.

"ಇದು ತಲೆನೋವಿನ ಮಾತ್ರೆಯ ಹಾಗಲ್ಲ, ನಿಧಾನ. ಬಾಯಿ ಒಣಗುತ್ತೆ, ಹೊಟ್ಟೆ ತೊಳಸುತ್ತೆ. ನೀವಾಗೇ ನಿಲ್ಲಿಸಬೇಡಿ. ಕೆಲವರಿಗೆ ಮೊದಲು ಕೈಕಾಲಿಗೆ ಬಲ ಬರುತ್ತೆ, ಮನಸ್ಸಿಗೆ ಆಮೇಲೆ. ಆ ನಡುವೆ ಕಣ್ಣಿಟ್ಟಿರಿ. ಅನುಮಾನ ಬಂದರೆ ಬಾಯಿಬಿಟ್ಟು ಕೇಳಿ. ಕೇಳಿದ್ದರಿಂದ ಕೆಡೋದಿಲ್ಲ."

ಕೆಲವು ವಾರಗಳಲ್ಲಿ ಅಕ್ಕ ಎದ್ದಳು. ತಾನಾಗಿಯೇ ಮಿಂದಳು, ಹಿತ್ತಲು ಗುಡಿಸಿದಳು. ಆ ಶುಕ್ರವಾರ ಅಮ್ಮ ಒಬ್ಬಟ್ಟಿಗೆ ಹೂರಣ ರುಬ್ಬಿದಳು.

"ದೇವಿ ಕಣ್ಣು ಬಿಟ್ಟಳು. ಇನ್ನು ಪೊಲೀಸಿನವಳ ಹಾಗೆ ಅವಳ ಹಿಂದೆ ಸುತ್ತಬೇಡ ತಾಯಿ" ಎಂದು ನನ್ನನ್ನು ಗದರಿದಳು.

ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯ ತುಳಸಮ್ಮನಿಗೆ ಅಕ್ಕ ರವಿಕೆ ಕಣದ ಬದಲು ಒಂದು ಸೀರೆಯನ್ನೇ ಕೊಟ್ಟಳು. "ಅಯ್ಯೋ, ಇಷ್ಟು ಭಾರದ್ದು ನನಗ್ಯಾಕಮ್ಮ" ಎನ್ನುತ್ತಲೇ ತುಳಸಮ್ಮ ಅದನ್ನು ಕಂಕುಳಿಗೆ ಸೇರಿಸಿದರು. ಅಡುಗೆಮನೆಯಲ್ಲಿದ್ದ ಅಮ್ಮ ಮಗಳ ಧಾರಾಳತನಕ್ಕೆ ಹಿಗ್ಗಿದಳು. ನಾನು ಸೀರೆಯ ಅಂಚು ನೋಡಿದೆ. ಅದು ಅಕ್ಕನ ಧಾರೆ ಸೀರೆ. ನಮ್ಮಲ್ಲಿ ಅದನ್ನು ಯಾರೂ ಕೊಡುವುದಿಲ್ಲ; ಹೆಂಗಸಿನ ಜೊತೆ ಅದು ಕೊನೆಯವರೆಗೂ ಇರುತ್ತದೆ.

ಕೋಣೆಗೆ ಹೋಗಿ ಅವಳ ಪಕ್ಕ ಕುಳಿತೆ.

"ಅಕ್ಕಾ, ಸಾಯಬೇಕು ಅನ್ನಿಸ್ತಿದೆಯಾ?"

ಅವಳು ಬೆಚ್ಚಲಿಲ್ಲ. "ಮೊದಲಿಂದಲೂ ಅನ್ನಿಸ್ತಿತ್ತು ಕಣೆ. ಏಳೋಕೆ ತ್ರಾಣ ಇರಲಿಲ್ಲ. ಈಗ ಬಂದಿದೆ."

ಆಗಲೇ ಅವಳನ್ನು ಕರೆದುಕೊಂಡು ಹೋದೆವು. ಡಾಕ್ಟರಮ್ಮ ಮಾತ್ರೆಯ ಪ್ರಮಾಣ ತಿದ್ದಿದರು, ಪದೇ ಪದೇ ಬರಹೇಳಿದರು, ಒಂಟಿ ಬಿಡಬೇಡಿ ಎಂದರು. ಮನೆಗೆ ಬಂದವಳೇ ಅಮ್ಮ ಚಾಕುವಿನ ತುದಿಯಿಂದ ಆ ಚಿಲಕವನ್ನು ಬಿಚ್ಚಿದಳು. ಹೂರಣ ಹಳಸಿತು. ಸೀರೆಯನ್ನು ತುಳಸಮ್ಮ ಯಾರೂ ಕೇಳದೆಯೇ ತಂದಿಟ್ಟು ಹೋದರು.

ಮನಸ್ಸಿಗೆ ಬಲ ಬರಲು ತಡವಾಯಿತು. ಬಂದದ್ದೂ ಪೂರ್ತಿಯಲ್ಲ. ಒಮ್ಮೆ ಸಾರಿಗೆ ಉಪ್ಪು ಸಾಲದೆಂದು ಅಕ್ಕ ಜಗಳ ತೆಗೆದಾಗ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇನ್ನೊಂದು ದಿನ ಅಕ್ಕ ನನಗೆ, "ಸೀರೆ ಬದಲಿಸೋಕೂ ನಾಚಿಕೆಯಾಗುತ್ತೆ. ಆ ಚಿಲಕ ಹಾಕು" ಎಂದಳು.

ಹಾಕಿದೆ. ಹಳೆಯ ತೂತುಗಳಲ್ಲೇ ಸ್ಕ್ರೂ ಕೂತವು. ಅವಳು ಒಳಗೆ ಹೋದಳು, ಚಿಲಕ ಸರಿಯಿತು. ನಾನು ಬಾಗಿಲಿಗೆ ಅಂಗೈಯೊತ್ತಿ ನಿಂತೆ.

"ಅಲ್ಲೇ ನಿಂತಿದ್ದೀಯ ಅಂತ ಗೊತ್ತು ಕಣೆ" ಎಂದಳು ಒಳಗಿನಿಂದ. "ಹೋಗು, ಹಾಲು ಉಕ್ಕುತ್ತೆ."

ಹಾಲು ಉಕ್ಕಿತು. ಸೀದ ವಾಸನೆ ಮನೆಯೆಲ್ಲ ಹರಡಿತು. ಚಿಲಕ ತೆಗೆಯುವ ಸದ್ದು ಕೇಳುವವರೆಗೆ ನಾನು ಕದಲಲಿಲ್ಲ.