ಪೇಪರಿನಲ್ಲಿ ಬೆಳೆದ ಕುಂಬಳಕಾಯಿ

ಅಬಲೂರಿನ ಮೈಲಾರಪ್ಪನ ಮೀಸೆ ಎಂಥದ್ದೆಂದರೆ, ಆತ ಹಿರೇಕೆರೂರಿನ ಬಸ್ಸು ಹತ್ತಿದರೆ ಕಂಡಕ್ಟರು ಮೀಸೆಗೊಂದು ಬೇರೆ ಟಿಕೀಟು ಹರಿಯುತ್ತಿದ್ದ. ಮೀಸೆಯ ಕೆಳಗಿನ ಬಾಯಿ ಅದಕ್ಕಿಂತ ದೊಡ್ಡದು. ಎಂಬತ್ತೆಂಟರ ಮಳೆಗಾಲದಲ್ಲಿ ಆತನ ಹಿತ್ತಲಿನ ಬಳ್ಳಿಯಲ್ಲೊಂದು ಕುಂಬಳಕಾಯಿ ಆಯಿತು. ನೀರು ತರುವ ಕೊಡದಷ್ಟಿತ್ತು. ಮಳೆ ನಂಬಿದ ಊರಿಗೆ ಅದೇನು ಸಣ್ಣ ಕಾಯಲ್ಲ. ಆದರೆ ಮೈಲಾರಪ್ಪನ ಬಾಯಿಗೆ ಕೊಡ ಸಾಲದು.

ಸುದ್ದಿ ಕೇಳಿ ಪೇಪರಿನ ವರದಿಗಾರ ಸೈಕಲ್ಲು ತುಳಿದು ಬರುವಷ್ಟರಲ್ಲಿ ಕಾಯಿ ಇರಲೇ ಇಲ್ಲ. ಹೆಂಡತಿ ಶಾರವ್ವ ಅದನ್ನು ಹೆರೆದು, ಬೆಲ್ಲ ಕೂಡಿಸಿ, ಗಾರಿಗಿ ಕರಿದು ಓಣಿಗೆಲ್ಲ ಹಂಚಿಬಿಟ್ಟಿದ್ದಳು.

"ಎಷ್ಟು ದೊಡ್ಡದಿತ್ರಿ ಯಜಮಾನ್ರ?"

ಮೈಲಾರಪ್ಪ ಅಂಗಳದ ಚಕ್ಕಡಿಯ ಕಡೆ ನೋಡಿದ. "ಆ ಗಾಲಿ ಐತೆಲ್ಲ, ಅಷ್ಟು ಬರ್ಕೋರಿ."

ಬರೆದುಕೊಂಡ. ಅಚ್ಚೂ ಆಯಿತು. ಆ ಪೇಪರನ್ನು ಮೈಲಾರಪ್ಪ ಊರಿಗೆಲ್ಲ ಓದಿಸಿ ಓದಿಸಿ, ಕೊನೆಗೆ ಅದರಲ್ಲಿ ಅಕ್ಷರವೇ ಉಳಿಯಲಿಲ್ಲ. ಅಚ್ಚಾದದ್ದು ಸುಳ್ಳು ಹೇಗಾದೀತು ಎಂದು ಅವನಿಗೇ ಅನ್ನಿಸತೊಡಗಿತು.

ಪೇಪರು ನೋಡಿ ರೈತರ ಕಾರ್ಯಕ್ರಮದ ರೇಡಿಯೋದವರು ಟೇಪ್ ರೆಕಾರ್ಡರ್ ಹೊತ್ತು ಬಂದರು. ರೇಡಿಯೋ ಎಂದರೆ ಮೈಲಾರಪ್ಪನ ಬಾಯಿ ಸೀದಾ ಜನರ ಕಿವಿಯಲ್ಲಿ. ನಡುವೆ ಯಾರ ಪೆನ್ನೂ ಇಲ್ಲ.

"ತಿರುಳು ತೆಗದ ಮ್ಯಾಲ ಒಳಗ ನಾಕು ಕುರಿ ಕಟ್ಟಿದ್ವಿರಿ. ಮಳಿ ಜೋರ ಇತ್ತು, ಪಾಪ."

ಅಡುಗೆಮನೆಯಿಂದ ಶಾರವ್ವ ಕೆಮ್ಮಿದಳು. ಆ ಕೆಮ್ಮೂ ಪ್ರಸಾರವಾಗಿ, ಶಿಗ್ಗಾವಿಯಿಂದ ಸವಣೂರಿನ ತನಕ ಇದ್ದಬದ್ದ ರೇಡಿಯೋಗಳಿಗೆಲ್ಲ ನೆಗಡಿ ಹಿಡಿಯಿತು.

ಮಗಳನ್ನು ಕೊಟ್ಟ ಮನೆ ಹಾನಗಲ್ಲಿನಲ್ಲಿತ್ತು. ಬೀಗ ಗುದ್ಲೆಪ್ಪ ಅಡಿಕೆ ವ್ಯಾಪಾರಿ. ಅಡಿಕೆ ಒಡೆದು ನೋಡದ ಹೊರತು ಯಾರನ್ನೂ ನಂಬಿದವನಲ್ಲ. ಮೈಲಾರಪ್ಪ ಅಂಗಡಿಗೆ ಹೋದಾಗ ನಾಲ್ಕು ಜನರ ಮುಂದೆಯೇ ಹಿಡಿದುಕೊಂಡ.

"ಕುಂದರ್ರಿ ಬೀಗರ, ಚಾ ಕುಡೀರಿ. ಕುರಿ ಆರಾಮ ಅದಾವಿಲ್ಲೋ?"

"ಪೇಪರಿನಾಗ ಬಂದೈತ್ರಿ. ರೇಡಿಯೋದಾಗ ಬಂದೈತಿ. ಇನ್ನೇನು ಬೇಕ್ರಿ ನಿಮಗ?"

"ಪೇಪರು ಬರೆಸಿದ್ದು ಬರೀತೈತಿ. ರೇಡಿಯೋಕ್ಕ ಬಾಯಿ ಐತಿ, ಕಣ್ಣಿಲ್ಲ. ನಮ್ಮನ್ಯಾಗ ಟೀವಿ ತಂದೇನಿ. ಅದರಾಗ ತೋರಸ್ರಿ, ನಂಬತೇನಿ. ತೋರಸದಿದ್ರ ದೀಪಾವಳಿಗೆ ಬರ್ತೀರೆಲ್ಲ, ಆ ಮೀಸಿ ಇಲ್ಲೇ ಬೋಳಸಬೇಕು."

"ಅದಕ್ಕೇನ್ರಿ, ಆತು!" ಎಂದುಬಿಟ್ಟ ಮೈಲಾರಪ್ಪ. ಅಂದ ಮೇಲೆ ಅವನ ಕೈ ತಾನಾಗಿಯೇ ಮೀಸೆ ಮುಟ್ಟಿ ನೋಡಿತು. ಟೀವಿಯವರು ಅಬಲೂರಿಗೆ ಎಲ್ಲಿಂದ ಬರಬೇಕು? ಊರ ಹಾದಿಯ ತಗ್ಗುಗಳಲ್ಲಿ ಎಮ್ಮೆ ಇಳಿದರೆ ಮೂರನೇ ದಿನ ಮೇಲೆ ಬರುತ್ತಿತ್ತು. ದೀಪಾವಳಿ ಮಾತ್ರ ತಪ್ಪದೆ ಬರುತ್ತದೆ. ಅಂದಿನಿಂದ ಕನ್ನಡಿಯ ಮುಂದೆ ನಿಂತಾಗಲೆಲ್ಲ ಕೈಯನ್ನು ಮೂಗಿನ ಕೆಳಗೆ ಹಿಡಿದು, ಬೋಳು ಮುಖ ಹೇಗೆ ಕಾಣುತ್ತದೆಂದು ನೋಡಿಕೊಂಡು ಬೆವರುತ್ತಿದ್ದ.

ಆ ಹಾದಿಯಲ್ಲೇ ಒಂದು ದಿನ ಟೀವಿಯವರ ಜೀಪು ಬಂತು. ಬಂದದ್ದು ಊರ ಹಳೆಯ ಗುಡಿ, ಶಾಸನಗಳ ಚಿತ್ರ ತೆಗೆಯಲು. ಕೆಲಸ ಮುಗಿಸಿ ಕ್ಯಾಮೆರಾದವನು ಕೇಳಿದ: "ರೇಡಿಯೋದಲ್ಲಿ ಬಂದ ಕುಂಬಳಕಾಯಿ ಈ ಊರಿನದೇ ಅಲ್ವಾ? ಎಲ್ಲಿದೆ?"

ಬಳ್ಳಿಯಲ್ಲಿ ಉಳಿದದ್ದು ಒಂದೇ ಕಾಯಿ, ತೆಂಗಿನಕಾಯಿಯಷ್ಟು. ಅದನ್ನು ಹರಿದು ತಂದು ಕಲ್ಲಿನ ಮೇಲಿಟ್ಟು, ಮೈಲಾರಪ್ಪ ನಾಚಿಕೆಯಿಂದ ಬೇವಿನಮರದ ತನಕ ಹಿಂದೆ ಸರಿದು ನಿಂತ. ಕ್ಯಾಮೆರಾದವನು ಕಲ್ಲಿಗೆ ಮೂಗು ತಾಗುವಷ್ಟು ಹತ್ತಿರ ಕೂತು ಕ್ಯಾಮೆರಾದೊಳಗೆ ಕಣ್ಣಿಟ್ಟು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ ಕಾಣತೈತಿ ತಮ್ಮಾ?" ಎಂದು ಶಾರವ್ವನೂ ಕಣ್ಣಿಟ್ಟಳು.

"ಅಯ್ಯ ಶಿವನ! ಕಾಯಿ ಗುಡ್ಡದಂಗ ಕಾಣತೈತಿ! ನೀವು ಅದರ ಹಿಂದ ಹಲ್ಲಿ ಕಂಡಂಗ ಕಾಣತೀರಿ!"

ಮೈಲಾರಪ್ಪನ ಮೀಸೆಗೆ ಜೀವ ಬಂತು. "ಹಂಗ ತೆಗೀರಿ ಸಾಹೇಬ್ರ! ಅಲುಗಾಡಬ್ಯಾಡ್ರಿ!"

"ನೀವು ಭಾಳ ಸಣ್ಣ ಕಾಣತೀರಿ, ನೋಡ್ರಿ ಮತ್ತ," ಎಂದಳು ಶಾರವ್ವ.

"ಕಾಣಲಿ ಬಿಡ. ಮೀಸಿ ಉಳದ್ರ ಸಾಕು."

ಕ್ಯಾಮೆರಾದವನು ನಗುತ್ತಲೇ ಗುಂಡಿ ಒತ್ತಿದ.

ಪ್ರಸಾರ ದೀಪಾವಳಿಯ ಸಂಜೆಯೇ ಇತ್ತು; ಗಂಡ ಹೆಂಡತಿ ಹಾನಗಲ್ಲಿಗೆ ಬಂದರು. ಗುದ್ಲೆಪ್ಪನ ಮನೆಯ ಆಂಟೆನಾ ಹದ್ದುಗಳು ಸುತ್ತುಹಾಕಿ ಹೋಗುವಷ್ಟು ಎತ್ತರ. ಕೆಳಗೆ ಅರ್ಧ ಹಾನಗಲ್ಲು ಕೂತಿತ್ತು. ಮುಂದಿನ ಸಾಲಿನಲ್ಲಿ ಕ್ಷೌರದ ಮಾಳಪ್ಪ, ಕತ್ತಿ ಮಸೆದುಕೊಂಡು.

ಗುಡಿ ಬಂತು, ಶಾಸನ ಬಂತು. ಆಮೇಲೆ ಬಂತು ನೋಡಿ ಕುಂಬಳಕಾಯಿ! ಪೆಟ್ಟಿಗೆ ಒಡೆದು ಹೊರಗೆ ಉರುಳೀತೆಂದು ಮುಂದೆ ಕೂತ ಹೆಂಗಸರು ಕಾಲು ಹಿಂದಕ್ಕೆಳೆದುಕೊಂಡರು. ಮಾಳಪ್ಪ ಕತ್ತಿ ಮಡಚಿದ. ಗುದ್ಲೆಪ್ಪ ಎದ್ದುಹೋಗಿ ಗಾಜಿಗೆ ಮುಖ ಹಚ್ಚಿ ನೋಡಿದ.

"ಕಾಯಿ ನಾ ಒಪ್ಪಿದೆ. ಹಿಂದ ನಿಂತಾನಲ್ಲ, ಆ ಹುಡುಗ ಯಾರ್ರಿ?"

"ಹುಡುಗ ಯಾಕ್ರಿ, ನಾನ!"

"ನಿಮಗ ಮೀಸಿ ಐತೆಲ್ರಿ. ಅಂವಗ ಮೀಸೀನ ಇಲ್ಲ."

ಮಂದಿ ಹೋ ಎಂದಿತು. ಮಾಳಪ್ಪ ಮತ್ತೆ ಕತ್ತಿ ಬಿಚ್ಚಿದ. ಮೈಲಾರಪ್ಪ ಒಂದು ಹೆಜ್ಜೆ ಹಿಂದೆ ಸರಿದ. ದೂರ ಬೇವಿನಮರದ ಹತ್ತಿರ ನಿಂತಿದ್ದೆನೆಂದು ಹೇಳಿದರೆ ಆಟ ಕೆಡುತ್ತದೆ. ಬಾಯಿ ಮಾತ್ರ ಎಂದಿನಂತೆ ಅವನಿಗಿಂತ ಮುಂದೆ ಓಡಿತು.

"ಆರಡಿ ಆಳು ನಾನು. ಇಷ್ಟು ದೊಡ್ಡ ಮೀಸಿ. ಅದು ಸುದ್ದಾ ಕಾಣದಂಗ ಆಗೈತಿ ಅಂದ್ರ ಕಾಯಿ ಎಷ್ಟು ದೊಡ್ಡದಿರಬೇಕು, ನೀವ ಅಳತಿ ಹಾಕ್ರಿ!"

ಗುದ್ಲೆಪ್ಪ ಬೆರಳು ಮಡಚುತ್ತ ಅಳತೆ ಹಾಕಿದ. ಕಾಯಿ ಅವನ ಅಡಿಕೆ ಗೋದಾಮಿಗಿಂತ ದೊಡ್ಡದಾಯಿತು. ಶಾರವ್ವ ನಗು ತಡೆಯಲು ಸೆರಗು ಕಚ್ಚಿಕೊಂಡಿದ್ದಳು.

"ಸೋತೆ ಬೀಗರ," ಎಂದ ಗುದ್ಲೆಪ್ಪ ಕಡೆಗೆ. "ಆ ಕಾಯಿದು ಬೀಜ ಕೊಡ್ರಿ ನನಗ."

ಶಾರವ್ವ ಒಣಗಿಸಿಟ್ಟ ಬೀಜ ಕೊಟ್ಟಳು. ಗುದ್ಲೆಪ್ಪ ಕೆರೆಯ ಕೆಳಗಿನ ಹೊಲದಲ್ಲಿ ಹಾಕಿ ಗೊಬ್ಬರ ಸುರಿದ. ಮರುವರ್ಷ ಕಾಯಿ ಹೊತ್ತು ಅಬಲೂರಿಗೆ ಬಂದು, ಅಂಗಳದಲ್ಲಿ ಧಪ್ಪನೆ ಇಳಿಸಿದ. ನೀರು ತರುವ ಕೊಡದಷ್ಟಿತ್ತು. ಹಿಂದೆ ಮಾಳಪ್ಪ ನಿಂತಿದ್ದ, ಕತ್ತಿ ಸಮೇತ.

"ಏನ್ರಿ ಇದು ಬೀಗರ? ಇಷ್ಟ ಬೆಳದೈತಿ!"

ಮೈಲಾರಪ್ಪ ಕಾಯಿಯನ್ನು ಸುತ್ತ ತಟ್ಟಿ ನೋಡಿ ತಲೆದೂಗಿದ.

"ಬೆಳೀ ಛಲೋ ಬಂದೈತ್ರಿ. ಬಳ್ಳ್ಯಾಗ ಇದು ಇಷ್ಟ ಬೆಳೀತೈತಿ. ಉಳದದ್ದು ಪೇಪರಿನಾಗ, ರೇಡಿಯೋದಾಗ ಬೆಳೀಬೇಕು. ನೀವು ಇನ್ನೂ ಯಾರನ್ನೂ ಕರಸೇ ಇಲ್ಲಲ್ರಿ!" ಎಂದ, ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡು.