ಐದನೆಯ ಉಂಗುರ

ನಾನು ಒಂದು ಉಂಗುರ. ಬೆರಳಿಗೆ ತೊಡುವ ಉಂಗುರ ಅಂದುಕೊಳ್ಳಬೇಡಿ. ನನ್ನ ಜಾಗ ಕಾರಿನ ಎಂಜಿನ್ನಿನೊಳಗೆ, ಬೆಂಕಿಯ ಬಾಯಲ್ಲಿ. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕಾದ ಕಬ್ಬಿಣಕ್ಕೆ ಬೇರೆ ಗಟ್ಟಿ ಲೋಹ ಬೆರೆಸಿ, ಗಿರಗಿರ ತಿರುಗುವ ಅಚ್ಚಿಗೆ ಹೊಯ್ದು ನನ್ನನ್ನು ಮಾಡಿದರು. ಅರದಿಂದ ತಿಕ್ಕಿದರೆ ಅರವೇ ಜಾರುತ್ತಿತ್ತು, ಅಷ್ಟು ಗಟ್ಟಿ. ಜಂಬ ಅನ್ನುವುದಾದರೆ ಅನ್ನಿ, ಇದ್ದದ್ದನ್ನು ಹೇಳಿದೆ.

ನಾವು ಐದು ಜನ ಅಣ್ಣತಮ್ಮಂದಿರು ಎಣ್ಣೆಕಾಗದದಲ್ಲಿ ಸುತ್ತಿಸಿಕೊಂಡು ತಿಪಟೂರಿಗೆ ಬಂದೆವು, ಮೌನೇಶಾಚಾರ್ರ ಲೇತ್ ಅಂಗಡಿಗೆ. ಅರವತ್ತು ದಾಟಿದ ಆಚಾರ್ರು ಕಬ್ಬಿಣಕ್ಕೆ ಕಿವಿ ಕೊಟ್ಟು ಕೇಳುವ ಮನುಷ್ಯ. ಎಣ್ಣೆ ಗಾಣ, ನೀರಿನ ಪಂಪು, ಯಾವುದು ಕೆಟ್ಟರೂ ಅವರ ಹತ್ತಿರವೇ ಬರಬೇಕು. ಆದರೆ ನಮ್ಮಂಥ ಉಂಗುರವನ್ನು ಮಾತ್ರ ಅವರು ಅಲ್ಲಿಯವರೆಗೆ ಕೂರಿಸಿರಲಿಲ್ಲ.

ನಾವು ಬೇಕಾಗಿದ್ದದ್ದು ಸರ್ವಮಂಗಳಮ್ಮನ ಕಾರಿಗೆ. ಊರಿಗೆಲ್ಲ ಆಕೆ ಮಂಗಳಕ್ಕ. ಗಂಡ ತೀರಿಕೊಂಡ ಮೇಲೆ ಅವರ ಡ್ರೈವಿಂಗ್ ಸ್ಕೂಲನ್ನು ಬಿಡದೆ ನಡೆಸಿ, ಹೆಂಗಸರಿಗೆ ಕಾರು ಕಲಿಸುತ್ತಿದ್ದರು. ಇದ್ದದ್ದು ಒಂದೇ ಕಾರು, ಅವರ ಮದುವೆಗಿಂತ ಹಳೆಯದು. ಆ ವರ್ಷ ಅದು ಏರು ಕಂಡರೆ ಏದುಸಿರು ಬಿಡುತ್ತಿತ್ತು. ಪ್ಲಗ್ ಬದಲಾಯಿಸಿದರು, ಕಾರ್ಬ್ಯುರೇಟರ್ ತೊಳೆದರು, ಏನೂ ಆಗಲಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿನ ಗಂಡಸರಿಗಂತೂ ಕಾರಣ ಮೊದಲೇ ಗೊತ್ತಿತ್ತು.

"ಹೆಂಗಸರು ಕ್ಲಚ್ ತುಳಿದೂ ತುಳಿದೂ ಗಾಡಿ ಹಾಳ್ ಮಾಡವ್ರೆ ಬಿಡು."

ಆ ಮಾತು ಮಂಗಳಕ್ಕನ ಕಿವಿಗೂ ಬಿತ್ತು. ಕಾರು ನಿಂತರೆ ಸ್ಕೂಲು ನಿಲ್ಲುತ್ತದೆ, ಸ್ಕೂಲು ನಿಂತರೆ ಆ ಮಾತೇ ನಿಜ ಅಂತ ಊರಲ್ಲಿ ಉಳಿಯುತ್ತದೆ. ಹನ್ನೊಂದು ಜನ ಹೆಂಗಸರು ಲೈಸೆನ್ಸ್ ಪರೀಕ್ಷೆಗೆ ಹೆಸರು ಕೊಟ್ಟು ಕಾಯುತ್ತಿದ್ದರು. ಗುಜರಿಯವನು ಆಗಲೇ ಎರಡು ಸಲ ಬಂದು ಟೈರು ಒತ್ತಿ ನೋಡಿ ಹೋಗಿದ್ದ.

ಆಚಾರ್ರು ಎಂಜಿನ್ನಿನ ತಲೆ ಬಿಚ್ಚಿ, ಮಂಗಳಕ್ಕನನ್ನು ಕರೆಸಿ ತೋರಿಸಿದರು. ಹೊಗೆ ಹೊರಗೆ ಹೋಗುವ ದಾರಿಗೆ ಒಂದು ಬಾಗಿಲು ಇರುತ್ತದೆ, ಅದು ವಾಲ್ವು. ನಿಮಿಷಕ್ಕೆ ಸಾವಿರ ಸಲ ಅದು ಬಂದು ಬಡಿಯುವ ಹೊಸ್ತಿಲೇ ಸೀಟು. ಹಳೆಯ ಕಾರಿನಲ್ಲಿ ಆ ಹೊಸ್ತಿಲು ಮೆತ್ತನೆ ಕಬ್ಬಿಣದ್ದು. ಮೊದಲಿನ ಪೆಟ್ರೋಲಿನಲ್ಲಿ ಚೂರು ಸೀಸ ಇರುತ್ತಿತ್ತು. ಅದು ಬಾಗಿಲಿಗೂ ಹೊಸ್ತಿಲಿಗೂ ನಡುವೆ ತೆಳ್ಳಗೆ ಮೆತ್ತಿಕೊಂಡು ಪೆಟ್ಟು ತಡೆಯುತ್ತಿತ್ತು. ಸೀಸದ ಹೊಗೆ ಮಕ್ಕಳ ಮೈಗೆ ವಿಷ ಅಂತ ಅದನ್ನು ತೆಗೆದರು. ಒಳ್ಳೆಯದೇ ಮಾಡಿದರು. ಆದರೆ ಹಳೆಯ ಹೊಸ್ತಿಲುಗಳು ಬರಿಮೈಯಲ್ಲಿ ಪೆಟ್ಟು ತಿಂದು ಗುಳಿ ಬಿದ್ದವು. ಬಾಗಿಲು ಸರಿಯಾಗಿ ಮುಚ್ಚದೆ ಎಂಜಿನ್ನಿನ ಉಸಿರೆಲ್ಲ ಸೋರಿ ಹೋಯಿತು.

"ನೋಡಿ ಮಂಗಳಕ್ಕ, ಇದು ಕ್ಲಚ್ಚಿಂದ ಆಗೋದಲ್ಲ. ಯಾರು ಓಡಿಸಿದ್ರೂ ಇಷ್ಟೇ."

ಮಂಗಳಕ್ಕ ಗುಳಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಇದಕ್ಕೆ ಮದ್ದುಂಟೋ ಇಲ್ಲವೋ ಅಷ್ಟು ಹೇಳಿ ಅಂದರು. ಮದ್ದು ನಾವೇ. ಸವೆದ ಹೊಸ್ತಿಲನ್ನು ಕೊರೆದು ತೆಗೆದು, ಅಲ್ಲಿ ನಮ್ಮನ್ನು ಕೂರಿಸಬೇಕು. ಬೇಕಾದದ್ದು ನಾಲ್ಕೇ. ಅಣ್ಣಂದಿರನ್ನು ತೂತಿನ ಅಳತೆಗೆ ಲೇತಿನಲ್ಲಿ ಕಡೆದು, ಐದನೆಯವನಾದ ನನ್ನನ್ನು ಹೊರಮೈ ಕಡೆಯದೆ ದಪ್ಪಗೇ ಬಿಟ್ಟು ಕಿಟಕಿಯಲ್ಲಿ ಇಟ್ಟರು. ಸುಮ್ಮನೆ ಕೂತು ನೋಡುವುದೇ ನನ್ನ ಹಣೆಬರಹ ಅಂದುಕೊಂಡೆ.

ಕೂರಿಸುವ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಆಗಬೇಕು. ಎಂಜಿನ್ನಿನ ತಲೆ ಕಾದು ತೂತು ಹಿಗ್ಗಿರಬೇಕು, ಉಂಗುರ ತಣ್ಣಗಾಗಿ ಕುಗ್ಗಿರಬೇಕು. ಎರಡೂ ಒಂದೇ ಹದಕ್ಕೆ ಬಂದಾಗ ಹಿಡಿತ ಬಿಗಿಯುತ್ತದೆ. ಕಾಯಿಸುವುದಕ್ಕೆ ಪಕ್ಕದ ಬೇಕರಿಯ ಒಲೆ ಇತ್ತು. ಬೇಕರಿಯ ಶೆಲ್ವಪ್ಪಿಳ್ಳೆಯವರು ಬ್ರೆಡ್ಡು ತೆಗೆದು, "ನನ್ನ ಒಲೇಲಿ ಮೊಟ್ಟೇನೂ ಇಟ್ಟಿಲ್ಲ ಕಣ್ರೀ, ಕಬ್ಬಿಣ ಇಡೋ ಹಾಗಾಯ್ತು" ಅಂತ ಗೊಣಗುತ್ತಲೇ ಜಾಗ ಮಾಡಿಕೊಟ್ಟರು. ಅಣ್ಣಂದಿರು ಐಸ್‌ಕ್ಯಾಂಡಿ ಡಬ್ಬಿಯಲ್ಲಿ, ಉಪ್ಪು ಬೆರೆಸಿದ ಮಂಜುಗಡ್ಡೆಯಲ್ಲಿ ಕೂತರು.

ಬ್ರೆಡ್ಡಿನ ವಾಸನೆ ಹೊತ್ತುಕೊಂಡು ಕಾದ ತಲೆ ಬಂತು. ಆಚಾರ್ರು ಇಕ್ಕಳದಲ್ಲಿ ದೊಡ್ಡಣ್ಣನನ್ನು ಎತ್ತಿದರು. ಎತ್ತಿದವರು ನಿಂತರು. ಆ ಅಂಗಡಿಯಲ್ಲಿ ಹೊಸ ಸಾಮಾನು ಅಂದರೆ ಕುಂಕುಮ ಇಡದೆ ಕೂರಿಸಿದ್ದೇ ಇಲ್ಲ. ಅಪ್ಪನ ಕಾಲದ ಕ್ರಮ. ಕುಂಕುಮದ ಬಟ್ಟಲು ತೆಗೆದು ಬೊಟ್ಟಿಟ್ಟು, ಕಣ್ಣು ಮುಚ್ಚಿ ಕಾಳಮ್ಮನನ್ನು ನೆನೆದು, ಆಮೇಲೆ ಇಳಿಸಿದರು. ಅಷ್ಟರಲ್ಲಿ ದೊಡ್ಡಣ್ಣನ ಚಳಿ ಬಿಟ್ಟಿತ್ತು. ಅರ್ಧಕ್ಕೆ ಇಳಿದು ಓರೆಯಾಗಿ ಕಚ್ಚಿಕೊಂಡುಬಿಟ್ಟ. ಬಡಿದರೂ ಇಲ್ಲ, ಎಳೆದರೂ ಇಲ್ಲ. ಕೊನೆಗೆ ಅವನನ್ನು ಕೊರೆದೇ ತೆಗೆಯಬೇಕಾಯಿತು. ತೂತು ದೊಡ್ಡದಾಗಿ, ಅದರ ಪಕ್ಕದ ನೀರಿನ ದಾರಿಗೆ ಒಂದು ತೆಳು ಗೋಡೆ ಮಾತ್ರ ಉಳಿಯಿತು. ಇನ್ನೊಂದು ಸಲ ಕೊರೆದರೆ ಆ ತಲೆ ಗುಜರಿಗೇ.

ಆಚಾರ್ರು ಬೀಡಿ ಹಚ್ಚಿದರು, ಸೇದಲಿಲ್ಲ. ತಮ್ಮ ಕೈಯಿಂದಲೇ ಕೆಟ್ಟಿತು ಅಂತ ಒಪ್ಪಿಕೊಂಡರು. ಆಮೇಲೆ ಅವರ ಕಣ್ಣು ಕಿಟಕಿಗೆ ಬಂತು. ದೊಡ್ಡ ತೂತಿಗೆ ಹೊಂದುವ ದಪ್ಪ ಇದ್ದವನು ನಾನೊಬ್ಬನೇ.

ಮರುದಿನ ಪೂರ್ತಿ ನನ್ನನ್ನು ಕಡೆದರು. ಮತ್ತೆ ಒಲೆ, ಮತ್ತೆ ಮಂಜುಗಡ್ಡೆ. ಇಕ್ಕಳದಲ್ಲಿ ನನ್ನನ್ನು ಎತ್ತಿದಾಗ ಅವರ ಎಡಗೈ ತಾನಾಗಿಯೇ ಕುಂಕುಮದ ಕಡೆ ಹೋಯಿತು. ಮಂಗಳಕ್ಕ ಬಟ್ಟಲನ್ನು ತೆಗೆದು ಸೆರಗಿನ ಹಿಂದೆ ಇಟ್ಟುಕೊಂಡರು.

"ಮೊದ್ಲು ಅವನು ಕೂತ್ಕೊಳ್ಳಲಿ ಆಚಾರ್ರೇ. ಕೂತವನಿಗೆ ಕುಂಕುಮ."

ನಾನು ಟಪ್ ಅಂತ ಇಳಿದೆ. ಆ ಸದ್ದು ಕೇಳಿ ಆಚಾರ್ರು ಒಂದು ಕಣ್ಣು ಮುಚ್ಚಿ ತಲೆದೂಗಿದರು. ಹಿಂದೆಯೇ ಮೂವರು ಅಣ್ಣಂದಿರೂ ನೆಟ್ಟಗೆ ಕೂತರು. ಮಂಗಳಕ್ಕ ಬಟ್ಟಲು ಕೊಟ್ಟರು. ಆದರೆ ಕಾದ ಕಬ್ಬಿಣದ ಮೇಲೆ ಇಟ್ಟ ಕುಂಕುಮ ನೋಡನೋಡುತ್ತಲೇ ಕಪ್ಪಾಗಿ ಹೊಗೆಯಾಯಿತು. ಆಚಾರ್ರ ಮನಸ್ಸಿನಲ್ಲಿ ಅದೊಂದು ಕೊರಗಾಗಿ ಉಳಿದುಬಿಟ್ಟಿತು.

ಪರೀಕ್ಷೆಯ ದಿನ ಏರಿನಲ್ಲಿ ಕಾರು ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮುಂದಕ್ಕೆ ಎತ್ತಬೇಕಿತ್ತು. ಹನ್ನೊಂದು ಜನರಲ್ಲಿ ಒಂಬತ್ತು ಜನ ಎತ್ತಿದರು. ತಸ್ನೀಮ್ ಅನ್ನುವ ಹುಡುಗಿ ಮೂರು ಸಲ ಎಂಜಿನ್ ಆಫ್ ಮಾಡಿಕೊಂಡು ಅತ್ತಳು. ಮುಂದಿನ ತಿಂಗಳು ಬಂದು ನಗುತ್ತಾ ಹತ್ತಿಸಿದಳು. ಸ್ಟ್ಯಾಂಡಿನವರು ಆಮೇಲೆ ಬೇರೆ ವಿಷಯ ಹುಡುಕಿಕೊಂಡರು. ಹದಿನಾರು ವರ್ಷ ನಾನು ಬೆಂಕಿ ನುಂಗಿದೆ. ಎಷ್ಟು ಹೆಂಗಸರು ನನ್ನ ಮೇಲೆ ಕಲಿತರೋ ಮಂಗಳಕ್ಕನಿಗೇ ಮರೆತಿದೆ. ಕೋಟಿಗಟ್ಟಲೆ ಪೆಟ್ಟು ಬಿದ್ದವು, ನಾನು ಅಲುಗಲಿಲ್ಲ.

ಕೊನೆಗೆ ತುಕ್ಕು ಹಿಡಿದದ್ದು ಕಾರಿನ ಮೈಗೆ. ಮಂಗಳಕ್ಕನ ಮಂಡಿಯೂ ಸೋತಿತ್ತು. ಎಂಜಿನ್ನನ್ನು ಗುಜರಿಗೆ ಕೊಡಲು ಮನಸ್ಸು ಒಪ್ಪದೆ ಪಾಲಿಟೆಕ್ನಿಕ್ಕಿಗೆ ಕೊಟ್ಟರು. ಅಲ್ಲಿ ಮೇಡಂ ಆಗಿದ್ದವಳು ಅದೇ ತಸ್ನೀಮ್. ಎಂಜಿನ್ನಿನ ತಲೆ ಬಿಚ್ಚಿ, ಸೀಟು ಸವೆದು ವಾಲ್ವು ಎಷ್ಟು ಒಳಗೆ ಇಳಿದಿದೆ ಅಂತ ಅಳೆದಳು. ನಂಬದೆ ಇನ್ನೊಮ್ಮೆ ಅಳೆದಳು. ಒಂದು ಕೂದಲಿನಷ್ಟೂ ಇಳಿದಿರಲಿಲ್ಲ.

ಮಂಗಳಕ್ಕ ಆಚಾರ್ರನ್ನು ಕೈಹಿಡಿದು ಅಲ್ಲಿಗೆ ಕರೆತಂದರು. ವಯಸ್ಸಾಗಿ ಆಚಾರ್ರ ಕಣ್ಣು ಮಂಜಾಗಿತ್ತು. ಹೆಬ್ಬೆರಳನ್ನು ನನ್ನ ಸುತ್ತ ಮೆಲ್ಲಗೆ ಆಡಿಸಿದರು, ಒಂದು ಸುತ್ತು, ಎರಡು ಸುತ್ತು. ವಿದ್ಯಾರ್ಥಿಗಳು ಏನೋ ದೊಡ್ಡ ಮಾತು ಬರುತ್ತದೆ ಅಂತ ಕಾದರು.

"ತಣ್ಣಗಾಗಿದಾನೆ" ಅಂದರು ಆಚಾರ್ರು. "ಕುಂಕುಮ ತಂದಿದೀರಾ ಮಂಗಳಕ್ಕ?"

ಮಂಗಳಕ್ಕ ಸೆರಗಿನ ಗಂಟು ಬಿಚ್ಚಿದರು.

ಈಗ ನಾನು ಎಂಜಿನ್ನಿನ ತಲೆಯ ಸಮೇತ ಪಾಲಿಟೆಕ್ನಿಕ್ಕಿನ ಗಾಜಿನ ಬೀರುವಿನಲ್ಲಿದ್ದೇನೆ. ಧೂಳು ಒರೆಸುವವರು ನನ್ನ ಒಂದು ಬದಿಯನ್ನು ಬಿಟ್ಟು ಒರೆಸುತ್ತಾರೆ. ಅಲ್ಲಿ ಆ ಬೊಟ್ಟು ಇನ್ನೂ ಕೆಂಪಗೇ ಇದೆ.